ಪುತಳಾಬಾಯಿ ಬೈಯಬಹುದು

ಫೆಬ್ರವರಿ ೯, ಭಾನುವಾರ

ಹೊಟ್ಟೆಕಿಚ್ಚು ಆರುತ್ತಿಲ್ಲ. ನಿನ್ನೆ ಭಾಲ್ಕಿ ಬಸ್ಸಿನಲ್ಲಿ ಪುತಳಾಬಾಯಿ ಸಿಕ್ಕಿದ್ದಳು. “ಅಕ್ಕಾ, ಆ ನರದ ಡಾಕ್ಟರನ ಮ್ಯಾಲ ಗ್ರಾಹಕರ ಕೋರ್ಟಿನಾಗ ಕೇಸ್ ಹಾಕೀನ್ರಿ. ಬಿಡಂಗಿಲ್ಲ.”

ಹೋದ ವರ್ಷ ಅವಳ ಗಂಡನಿಗೆ ಆದದ್ದೇ ಅದಕ್ಕೂ ಮೊದಲು ನಮ್ಮವರಿಗೆ ಆಗಿತ್ತು. ಸ್ಕ್ಯಾನ್ ಮಾಡಿಸದೆ, ಬರೀ ನಿಶ್ಶಕ್ತಿ ಎಂದು ಅದೇ ಡಾಕ್ಟರು ಮನೆಗೆ ಕಳಿಸಿದರು. ಬೆಳಗಾಗುವುದರೊಳಗೆ ಲಕ್ವಾ.

ನಾನು ವಕೀಲರ ಹತ್ತಿರ ಹೊರಟರೆ ಇವರೇ ತಡೆದರು. “ಡಾಕ್ಟರ್ ನಮ್ ಚರ್ಚ್ ಸಭಿಯವ್ರು. ನಾವ್ ನಾವೇ ಕೋರ್ಟಿಗಿ ಹೋಗಬಾರದು.” ಪಾಸ್ಟರು ಪ್ರಾರ್ಥಿಸಿ ರಾಜಿ ಮಾಡಿಸಿದರು. ದೂರು ಕೊಡುವ ಎರಡು ವರ್ಷದ ಗಡುವು ಮುಗಿದೇಹೋಯಿತು.

ಅವಳು ಗೆಲ್ಲುವಳೋ ಇಲ್ಲವೋ. ನಮ್ಮ ಸಭೆಯ ಹೊರಗಿನವಳು, ಬಾಯಿ ತುಂಬ ಬೈಯಬಹುದಲ್ಲ, ಅದೇ ನನಗೆ ಉರಿ.

ಇವತ್ತು ಆರಾಧನೆ ಮುಗಿದ ಮೇಲೆ ಡಾಕ್ಟರು ಕೈ ಚಾಚಿದರು. ಇವರು ಎಡಗೈ ಕೊಟ್ಟು, “ಬಲಗೈ ಏಳಂಗಿಲ್ರಿ, ತಪ್ಪು ತಿಳ್ಕೋಬ್ಯಾಡ್ರಿ” ಎಂದರು.

“ಇರ್ಲಿ ಬಿಡ್ರಿ” ಎಂದು ಡಾಕ್ಟರು ಕ್ಷಮಿಸಿದರು.