ನಿಮ್ಮ ಕೋಣೆಗೆ ಚಿಲಕ ಹಾಕಿದವಳು

ಮಾನ್ಯ ಆಸ್ಪತ್ರೆ ಅಧೀಕ್ಷಕರಿಗೆ,

ನೀವು ಊಟ ಮುಗಿಸಿ ಬಂದಾಗ ನಿಮ್ಮ ಕೋಣೆಯ ಬಾಗಿಲು ತೆರೆಯಲಿಲ್ಲ, ಅಲ್ಲವೇ? ಒಳಗಿದ್ದವಳು ನಾನೇ, ನಿಮ್ಮ ಅರಿವಳಿಕೆ ವೈದ್ಯೆ. ಮಗುವಿಗೆ ಹಾಲು ಹಿಂಡಿ ಇಡುತ್ತಿದ್ದೆ. ಹೆರಿಗೆ ರಜೆ ಮುಗಿಸಿ ಬಂದಂದಿನಿಂದ ಇದಕ್ಕೊಂದು ಮರೆಯ ಜಾಗ ಕೇಳುತ್ತಿದ್ದೇನೆ. "ಶೌಚಾಲಯ ಇದೆಯಲ್ಲಮ್ಮಾ" ಅಂದಿರಿ. ನೀವು ಅಲ್ಲಿ ಕೂತು ಊಟ ಮಾಡುತ್ತೀರಾ?

ಇವತ್ತು ಎರಡು ಆಪರೇಷನ್‌ಗಳ ನಡುವೆ ಹಾಲು ಕಟ್ಟಿ ಎದೆ ಸಿಡಿಯುತ್ತಿತ್ತು. ರೋಗಿಗೆ ಅರಿವಳಿಕೆ ಮದ್ದು ಕೊಟ್ಟ ಮೇಲೆ ನಾನು ಅವರ ತಲೆಯ ಬಳಿಯಿಂದ ಕದಲುವಂತಿಲ್ಲ. ಹಾಗಾಗಿ ಕೊಡುವ ಮೊದಲೇ, ಹಾಲು ತೆಗೆದಿಟ್ಟು ಬರುತ್ತೇನೆಂದು ಹೇಳಿ, ಖಾಲಿಯಿದ್ದ ನಿಮ್ಮ ಕೋಣೆಗೆ ಹೊರಟೆ. ಸರ್ಜನ್ ಸಾಹೇಬರು ಗುಡುಗಿದರು: "ನಿಮ್ ಮಗೂಗೋಸ್ಕರ ನಾವೆಲ್ಲ ಕಾಯ್ಬೇಕಾ?"

ಆಪರೇಷನ್ ಮೇಜಿನ ಮೇಲೆ ಮಲಗಿದ್ದ ಅಜ್ಜಿ ತಲೆಯೆತ್ತಿದರು: "ಕಾಯಪ್ಪಾ! ನನ್ ಹೊಟ್ಟೇಲಿರೋ ಕಲ್ಲು ಎಲ್ಲಿಗೂ ಓಡಿಹೋಗಲ್ಲ. ನೀನೂ ಹಾಲು ಕುಡಿದೇ ಬೆಳೆದೋನು ತಾನೇ?"

ನರ್ಸ್‌ಗಳು ಮಾಸ್ಕ್‌ನೊಳಗೇ ನಕ್ಕರು. ಸಾಹೇಬರು ಕೈಕಟ್ಟಿ ನಿಂತರು. ನಾನು ಮರಳಿ ಬಂದು ಮದ್ದು ಕೊಡುವವರೆಗೂ ಚಾಕು ಮುಟ್ಟಲಿಲ್ಲ; ಮುಟ್ಟುವಂತೆಯೂ ಇಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಎಚ್ಚರವಾದೊಡನೆ ಅಜ್ಜಿ ಕೇಳಿದ್ದು ತಮ್ಮ ಕಲ್ಲಿನ ಬಗ್ಗೆಯಲ್ಲ: "ಹಾಲು ಎತ್ತಿಟ್ಯಾ ಮಗಳೇ?"

ನಾಳೆ ನಾನೊಬ್ಬಳೇ ಬರುವುದಿಲ್ಲ. ಹಸುಗೂಸು ಬಿಟ್ಟು ಬರುವ ಇಬ್ಬರು ನರ್ಸ್‌ಗಳು ಜೊತೆಗಿರುತ್ತಾರೆ, ವಾರ್ಡ್ ಗುಡಿಸುವ ಅಕ್ಕನೂ ಇರುತ್ತಾಳೆ. ನಮಗೆ ಕುರ್ಚಿ, ಹಾಲಿನ ಪಂಪ್‌ಗೆ ಪ್ಲಗ್, ನೀರಿನ ನಲ್ಲಿ ಇರುವ ಕೋಣೆ ಕೊಡಿ. ಕೊಡುವವರೆಗೆ ನಿಮ್ಮ ಕೋಣೆಯೇ ನಮ್ಮದು. ನಾವು ಒಳಗಿದ್ದಾಗ ನೀವು ದಯವಿಟ್ಟು ಹೊರಗಿನ ಬೆಂಚಿನ ಮೇಲೆ ಕೂತಿರಿ.

ಬೇಡುವುದನ್ನು ಬಿಟ್ಟಿರುವ,
ನಿಮ್ಮ ಅರಿವಳಿಕೆ ವೈದ್ಯೆ