ಉಳ್ಳಾಗಡ್ಡಿ ಸಿಪ್ಪೆಯ ಬಣ್ಣದ ಸೀರೆ

ಕಲಬುರ್ಗಿ
ಶ್ರೀಮುಖ ಸಂವತ್ಸರ, ವೈಶಾಖ ಶುದ್ಧ ದಶಮಿ
ಫಸಲಿ ೧೩೪೨

ಚಿರಂಜೀವಿ ಸೌಭಾಗ್ಯವತಿ ಲಲಿತಾಬಾಯಿಗೆ ನಿನ್ನ ಅತ್ತೆ ಶಿವಕಾಂತಮ್ಮ ಮಾಡುವ ಆಶೀರ್ವಾದಗಳು.

ನಾವೆಲ್ಲ ಕ್ಷೇಮವಾಗಿದ್ದೇವೆ. ಕೂಸು ಹುಟ್ಟಿ ನಲವತ್ತು ದಿನ ಕಳೆದರೂ ಕಮಲಾಪುರದ ನಿನ್ನ ತವರಿಗೆ ನನ್ನ ಕೈಯಿಂದ ಒಂದು ಕಾಗದ ಬರಲಿಲ್ಲವೆಂದು ನೀನು ಮುನಿಸಿಕೊಂಡಿದ್ದರೆ ತಪ್ಪಲ್ಲ. ಹತ್ತು ಸಲ ಬರೆಯಲು ಕೂತೆ. ‘ಯಾವಾಗ ಬರುತ್ತೀ’ ಎಂದು ಬರೆಯುವಲ್ಲಿಗೆ ಬಂದು ಲೇಖನಿ ನಿಲ್ಲುತ್ತಿತ್ತು.

ಹದಿನೈದು ದಿನದ ಹಿಂದೆ ನಿನ್ನ ಗಂಡ ಚಂದ್ರಶಾ ನಿಮ್ಮಲ್ಲಿಂದ ಕೆಂಪು ಬಾಳೆಯ ಗೊನೆ ಹೊತ್ತು ತಂದ. ಗೊನೆಯನ್ನು ಪಡಸಾಲೆಯಲ್ಲಿ ಇಳಿಸಿ, ನನ್ನ ಮುಖ ನೋಡದೆ ನಿನ್ನ ಮಾತನ್ನೂ ಹೇಳಿದ. “ಅಕಿ ಬರಲ್ಲಂತ, ಅವ್ವ. ಬ್ಯಾರೆ ಮನಿ ಮಾಡಿದ್ರ ಬರತಾಳಂತ. ಆ ಓಣ್ಯಾಗ ಮತ್ತ ಕಾಲ ಸುಟ್ಕೊಳ್ಳಾಕ ನಾ ಒಲ್ಲೆ ಅಂದ್ಳು.”

ನೀನು ಅಂದದ್ದು ಸುಳ್ಳಲ್ಲ. ಹೋದ ವರ್ಷ ಇದೇ ವೈಶಾಖದಲ್ಲಿ ನೀವಿಬ್ಬರೂ ಸಂಜೆ ಕೆರೆಯ ದಂಡೆಗೆ ಗಾಳಿಗೆಂದು ಹೊರಟಿರಿ. ನೀನು ತೆಳು ವಾಯಿಲ್ ಸೀರೆ ಉಟ್ಟು ಚಪ್ಪಲಿ ಮೆಟ್ಟಿದ್ದೆ. ನಾನು ಬಾಗಿಲಲ್ಲಿ ತಡೆದೆ. ಅರಿವೆ ಅಂಗಡಿಯವರ ಮನೆಯ ಹೆಣ್ಣು ಜರಿಸೀರೆ ಉಡದೆ ಹೊಸ್ತಿಲು ದಾಟಬಾರದು, ದೊಡ್ಡಮಾವನವರು ಕೂರುವ ಕಟ್ಟೆ ದಾಟುವ ತನಕ ಕಾಲಲ್ಲಿ ಚಪ್ಪಲಿ ಇರಬಾರದು ಎಂದೆ. ಆ ಸೆಖೆಯಲ್ಲಿ ನೀನು ಸೇರು ತೂಕದ ಸೀರೆ ಸುತ್ತಿಕೊಂಡು, ಚಪ್ಪಲಿಯನ್ನು ಸೆರಗಿನಲ್ಲಿ ಮುಚ್ಚಿ ಹಿಡಿದು, ಶಹಾಬಾದ ಕಲ್ಲು ಹಾಸಿದ ಓಣಿಯಲ್ಲಿ ಬರಿಗಾಲಲ್ಲಿ ನಡೆದೆ. ಅರ್ಧ ದಾರಿಯಿಂದ ತಿರುಗಿ ಬಂದಾಗ ಎರಡೂ ಅಂಗಾಲು ಬೊಬ್ಬೆ ಎದ್ದಿದ್ದವು. ಆಮೇಲೆ ನೀವು ಜೊತೆಯಾಗಿ ಹೊರಗೆ ಹೋಗಲೇ ಇಲ್ಲ.

ನಿನ್ನನ್ನು ಬಾ ಎಂದು ಕರೆಯುವ ಮೊದಲು ಆ ಕಟ್ಟೆಯನ್ನು ನಾನೇ ದಾಟಿ ನೋಡಬೇಕೆನ್ನಿಸಿತು. ನಿನ್ನ ಮಾವನವರು ಊಟಕ್ಕೆ ಕೂತಾಗ, “ಒಂದಿನ ಸಂಜಿಗಿ ನಾವಿಬ್ರೂ ಕೆರಿ ದಂಡಿಗಿ ಹೋಗೂಣ್ರಿ” ಎಂದೆ.

ಅವರ ಕೈಯ ತುತ್ತು ಅಲ್ಲೇ ನಿಂತಿತು. “ಯಾಕ? ಯಾರ್ ತೀರ್ಕೊಂಡಾರ?”

ನಗಬೇಡ. ಮದುವೆಯಾದಂದಿನಿಂದ ನಾವು ಜೊತೆಯಾಗಿ ಹೊರಗೆ ಕಾಲಿಟ್ಟದ್ದು ಸಾವಿನ ಮನೆಗೆ, ಇಲ್ಲವೆ ಲಗ್ನದ ಮನೆಗೆ. ಅದೂ ಅವರು ಹತ್ತು ಮಾರು ಮುಂದೆ, ನಾನು ಹಿಂದೆ. ಯಾರೂ ತೀರಿಕೊಂಡಿಲ್ಲ, ಬರೀ ಗಾಳಿಗೆ ಎಂದು ತಿಳಿಸಿ ಹೇಳಲು ಎರಡು ದಿನ ಬೇಕಾಯಿತು. ಸೊಸೆ ಏನೆಂದು ಹೇಳಿ ಕಳಿಸಿದಳು ಎಂಬುದನ್ನೂ ಹೇಳಿದೆ. ಆಮೇಲೆ ಅವರು ವಾದ ಮಾಡಲಿಲ್ಲ.

ಇನ್ನು ಉಡುವುದೇನು? ನಿನ್ನ ಮಾವನವರು ಅರಿವೆಯ ವ್ಯಾಪಾರಿ, ನಿಜ. ಆದರೆ ಇಷ್ಟು ವರ್ಷ ನಾನು ಉಟ್ಟದ್ದೆಲ್ಲ ಗಿರಾಕಿ ಒಲ್ಲೆನೆಂದು ಅಂಗಡಿಯಲ್ಲಿ ಉಳಿದದ್ದು. ಈ ಸಲ ನಾನೇ ಆರಿಸುತ್ತೇನೆಂದು ಹಟ ಹಿಡಿದೆ. ನಾಲ್ಕು ಸೀರೆ ತಂದು ಮಂಚದ ಮೇಲೆ ಹಾಸಿದರು. ಕಪ್ಪು ಬಿಸಿಲನ್ನು ಕುಡಿಯುತ್ತದೆ. ಬಿಳಿ ನನ್ನ ವಯಸ್ಸನ್ನು ಸಾರಿ ಹೇಳುತ್ತದೆ. ರೇಷ್ಮೆ ಬೆವರಿಗೆ ಮೈಗಂಟುತ್ತದೆ. ಕೊನೆಯದು ನಾರಾಯಣಪೇಟೆಯ ತೆಳು ಹತ್ತಿಯ ಸೀರೆ, ಉಳ್ಳಾಗಡ್ಡಿ ಸಿಪ್ಪೆಯ ಬಣ್ಣ, ಬೆರಳಗಲದ ಹಸಿರು ಅಂಚು. ಎತ್ತಿ ಹಿಡಿದರೆ ಕಿಟಕಿಯ ಗಾಳಿಗೇ ತೂಗಾಡಿತು. ಅದನ್ನೇ ತೆಗೆದುಕೊಂಡೆ. ಕುಪ್ಪಸಕ್ಕೆ ಹಳೆಯ ತೆಳು ಮಲ್ಲಿನ ಅರಿವೆ ಹರಿದು, ತೋಳನ್ನು ಸಡಿಲ ಬಿಟ್ಟು ನಾನೇ ಹೊಲಿದುಕೊಂಡೆ. ಕೊರಳಿಗೆ ತಾಳಿ, ಕೈಗೆ ಹಸಿರು ಬಳೆ. ಸಾಕು ಎನ್ನಿಸಿತು.

ಚಪ್ಪಲಿಯದೇ ದೊಡ್ಡ ಕಥೆ. ನಿನ್ನ ಮಾವನವರು ನೆಲದ ಮೇಲೆ ಕಾಗದ ಹಾಸಿ, ನನ್ನ ಕಾಲಿಡಿಸಿ, ಸುತ್ತ ಸೀಸದಕಡ್ಡಿಯಿಂದ ಗೆರೆ ಎಳೆದರು. ನನಗೆ ಕಚಗುಳಿಯಾಗಿ ಗೆರೆ ಎರಡು ಸಲ ಸೊಟ್ಟ ಹೋಯಿತು. ರೋಜಾ ಓಣಿಯ ಚಪ್ಪಲಿ ಹೊಲಿಯುವ ಇನಾಯತ್ ಅದನ್ನು ನೋಡಿ, “ಕಾಗದದಾಗ ಕಾಲಿನ ಉದ್ದ ಅದ ಸಾಹುಕಾರ್ರೆ, ದಪ್ಪ ಎಲ್ಲಿ ಅದ?” ಎಂದನಂತೆ. ಇವರು, “ದಪ್ಪ ನಾ ಇನ್ನೂ ನೋಡಿಲ್ಲಪಾ” ಎಂದರಂತೆ. ಅದಕ್ಕವನು ಹಿಂದೆ ಪಟ್ಟಿ ಇಟ್ಟು, ಬಿಗಿ ಸಡಿಲ ಮಾಡಿಕೊಳ್ಳುವಂತೆ ಹೊಲಿದುಕೊಟ್ಟ.

ಹೋದ ಸೋಮವಾರ ಹೊತ್ತು ಇಳಿಯುವಾಗ ತಯಾರಾದೆವು. ಇವರು ಕರಿ ಕೋಟು, ರುಮಾಲು, ಶಲ್ಯ ಎಲ್ಲ ಏರಿಸಿ ಬಂದರು. “ತಹಸೀಲ ಕಚೇರಿಗಿ ಹೊಂಟೀರೇನು?” ಎಂದು ಎಲ್ಲವನ್ನೂ ತೆಗೆಸಿದೆ. ಮಲ್ಲಿನ ಅಂಗಿ, ತೆಳು ಧೋತರ, ತಲೆಗೆ ಬಿಳಿ ಟೊಪ್ಪಿಗೆ. “ಬರೇ ಮೈಲೆ ಹೊಂಟಂಗ ಅನಸಾಕತ್ತದ” ಎಂದು ಗೊಣಗುತ್ತಲೇ ಬಂದರು.

ಕಟ್ಟೆಯ ಮೇಲೆ ನಿನ್ನ ದೊಡ್ಡಮಾವ, ಅಂದರೆ ನಮ್ಮ ಭಾವನವರು, ಗಾಣದ ಪೀರಪ್ಪ, ಇನ್ನೂ ನಾಲ್ಕು ಜನ. ಹೊಸ ತೊಗಲು, ನನ್ನ ಒಂದೊಂದು ಹೆಜ್ಜೆಗೂ ಕಿರ್ ಎನ್ನುತ್ತಿತ್ತು.

“ದೇವೀಂದ್ರಾ, ಎಲ್ಲಿಗಿ ಹೊಂಟೀ?” ಎಂದರು ಭಾವನವರು.

“ಕೆರಿ ದಂಡಿಗಿ, ಅಣ್ಣಾ. ಗಾಳಿಗಿ.”

ಅವರ ಕಣ್ಣು ನನ್ನ ಸೀರೆಯ ಮೇಲಿಂದ ಕಾಲಿಗೆ ಇಳಿಯಿತು. “ಇದೇನು ಬಡವ್ರ ಮನಿ ಹೆಣ್ಮಗಳಂಗ ಉಡಿಸಿ ಕರ್ಕೊಂಡ ಹೊಂಟೀ? ಅಂಗಡಿ ಮರ್ಯಾದಿ ಏನಾತು? ಮತ್ತ ಕಾಲಾಗೇನದು?”

ನಿನ್ನ ಮಾವನವರು ಟೊಪ್ಪಿಗೆ ತೆಗೆದು ಮತ್ತೆ ಇಟ್ಟುಕೊಂಡರು. ನಾನು ಭಾವನವರೊಡನೆ ನೇರ ಮಾತಾಡಿದವಳಲ್ಲ, ಸೆರಗು ಸರಿಮಾಡಿಕೊಂಡು ಇವರ ಕಡೆಗೇ ತಿರುಗಿ, ಕಟ್ಟೆಗೆ ಕೇಳುವಂತೆ ಹೇಳಿದೆ: “ಭಾವನವ್ರಿಗಿ ಹೇಳ್ರಿ, ಕಲ್ಲ ಇನ್ನೂ ಸುಡಾಕತ್ತಾವ. ಅವ್ರು ತಮ್ಮ ಚಪ್ಪಲಿ ತಗದು ಹತ್ತ ಹೆಜ್ಜಿ ನಡದ ತೋರಸಲಿ, ನಾನೂ ತಗೀತೀನಿ. ನನ್ನ ಸೊಸಿ ಹೋದ ವರ್ಷ ನೂರ ಹೆಜ್ಜಿ ನಡದಾಳ.”

ಅವರ ಹಟ ನಿನಗೆ ಗೊತ್ತು. ಚಪ್ಪಲಿ ಬಿಟ್ಟು ಇಳಿದೇಬಿಟ್ಟರು. ಮೂರು ಹೆಜ್ಜೆ ಗಂಭೀರವಾಗಿಟ್ಟರು; ನಾಲ್ಕನೆಯದು ಹೆಜ್ಜೆಯಲ್ಲ, ಜಿಗಿತ. ಐದನೆಯದಕ್ಕೆ ಕಟ್ಟೆಯ ನೆರಳಿಗೆ ಬಂದಿದ್ದರು.

“ದೌಲಪ್ಪಣ್ಣಾ, ಕೋಲಾಟ ಯಾವಾಗ ಕಲ್ತೀ?” ಎಂದ ಪೀರಪ್ಪ.

ಕಟ್ಟೆಯೆಲ್ಲ ನಕ್ಕಿತು. ಭಾವನವರು ಅಂಗಾಲು ಒರೆಸಿಕೊಂಡು ಮತ್ತೆ ಚಪ್ಪಲಿ ಮೆಟ್ಟಿದರು. ಕೊನೆಗೆ ಇವರಿಗೆ ಹೇಳಿದರು: “ಹೋಗ್ರಿ. ಮತ್ತ ಆ ಹುಡುಗಿಗೂ ಹೇಳಿ ಕಳಸ್ರಿ, ಚಪ್ಪಲಿ ಹಾಕ್ಕೊಂಡ ತಿರಗಲಿ.”

ಅಂದು ಓಣಿಯ ಉದ್ದಕ್ಕೂ ನಾನು ಅವರ ಹಿಂದೆ ನಡೆಯಲಿಲ್ಲ, ಮಗ್ಗುಲಲ್ಲಿ ನಡೆದೆ. ಕೆರೆಯ ದಂಡೆಯಲ್ಲಿ ಗಾಳಿ ಸೀರೆಯೊಳಗೆ ಹೊಕ್ಕು ಹೊರಟಾಗ, ಈ ಊರಿನ ಬೇಸಿಗೆಯಲ್ಲಿ ನನ್ನ ಮೈಗೆ ಇಷ್ಟು ವರ್ಷ ಎಂಥ ಶಿಕ್ಷೆ ಕೊಟ್ಟೆನೆಂದು ತಿಳಿಯಿತು. ನಿನ್ನ ಮಾವನವರು ನನ್ನ ಸೆರಗಿನ ಅಂಚನ್ನು ಹೆಬ್ಬೆರಳಲ್ಲಿ ತಿಕ್ಕಿ ನೂಲು ಪರೀಕ್ಷೆ ಮಾಡಿದರು. ಸ್ವಲ್ಪ ಹೊತ್ತಿಗೆ, ನೀರಿನ ಕಡೆ ನೋಡುತ್ತ, “ಬಣ್ಣ ನಿನಗ ಒಪ್ಪೇದ” ಎಂದರು.

ಮರುದಿನ ಪೀರಪ್ಪನ ಸೊಸೆ ಆ ಬಣ್ಣದ ಸೀರೆ ಕೇಳಿಕೊಂಡು ಬಂದಳು, ಅವಳ ಹಿಂದೆ ಇಬ್ಬರು. ಶನಿವಾರದ ಹೊತ್ತಿಗೆ ಗಂಟು ಖಾಲಿ. ಈಗ ಭಾವನವರೇ ನಾರಾಯಣಪೇಟೆಗೆ ಬರೆದಿದ್ದಾರೆ. ಅಂಗಡಿಯ ಮರ್ಯಾದೆಯ ಮಾತು ಎತ್ತುತ್ತಿಲ್ಲ.

ನೀನು ಬಂದ ಮೇಲೆ ನೀವಿಬ್ಬರೂ ನಿಮಗೆ ಬೇಕಾದ್ದನ್ನು ಉಟ್ಟು ಹೊರಡಿರಿ. ಕೂಸನ್ನು ನಾನು ನೋಡಿಕೊಳ್ಳುತ್ತೇನೆ. ಬೇರೆ ಮನೆಯೇ ಬೇಕೆಂದರೂ ನಾನು ಅಡ್ಡ ಬರುವುದಿಲ್ಲ; ಆದರೆ ಒಂದು ಬೇಸಿಗೆ ನಮ್ಮೊಡನೆ ಇದ್ದು ನೋಡು. ಮೊಮ್ಮಗಳ ನೆತ್ತಿಗೆ ಎಣ್ಣೆ ಆರದಿರಲಿ. ನಿನ್ನ ತಂದೆತಾಯಿಗೆ ಶರಣು. ನಿಮ್ಮ ಮೂವರನ್ನೂ ಶಿವನು ತಂಪಾಗಿಡಲಿ.

ನಿನ್ನ ಅತ್ತೆ
ಶಿವಕಾಂತಮ್ಮ

ತಾ.ಕ.: ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಹೋದ ವರ್ಷ ನಿನ್ನನ್ನು ತಡೆದದ್ದು ಅಂಗಡಿಯ ಮರ್ಯಾದೆಗೂ ಅಲ್ಲ, ಭಾವನವರ ಅಂಜಿಕೆಗೂ ಅಲ್ಲ. ನೀನು ಕನ್ನಡಿಯ ಮುಂದೆ ನಿಂತಿದ್ದೆ, ಚಂದ್ರಶಾ ಕೆಳಗೆ ಕೂತು ನಿನ್ನ ನಿರಿಗೆ ಹಿಡಿದಿದ್ದ, ಇಬ್ಬರೂ ಏತಕ್ಕೋ ನಗುತ್ತಿದ್ದಿರಿ. ಕದದ ಸಂದಿಯಿಂದ ನೋಡಿದೆ. ನನಗೆ ಹೊಟ್ಟೆಕಿಚ್ಚಾಯಿತು. ನಿನ್ನ ಬೊಬ್ಬೆಗೆ ಬೆಣ್ಣೆ ಹಚ್ಚುವಾಗಲೂ ಒಳಗೊಂದು ಮೂಲೆಯಲ್ಲಿ ಸಮಾಧಾನವಿತ್ತು. ತೊಟ್ಟಿಲ ದಿನ ಇದನ್ನು ಹೇಳಿಬಿಡಬೇಕೆಂದೇ ಕಮಲಾಪುರಕ್ಕೆ ಬಂದಿದ್ದೆ. ನೀನು ಕೂಸನ್ನು ತಂದು, ಎಲ್ಲರಿಗಿಂತ ಮೊದಲು ನನ್ನ ತೊಡೆಯ ಮೇಲೆ ಮಲಗಿಸಿದೆ. ನನಗೆ ಬಾಯಿ ಬರಲಿಲ್ಲ.