ಸುಮ್ಮನೆ ಕೂತ ಹೊತ್ತು

ಕಿಬ್ಬನಹಳ್ಳಿ
18-3-1982

ಪ್ರೀತಿಯ ಅಣ್ಣಯ್ಯನಿಗೆ ನಿನ್ನ ತಂಗಿ ಗಿರಿಜೆಯ ನಮಸ್ಕಾರಗಳು.

ಹೇಗಿದ್ದೀಯ? ಮೈಸೂರಿನ ಹಾಸ್ಟೆಲಿನ ಸಾರಿನಿಂದ ಹೊಟ್ಟೆ ಉರಿ ಎಂದು ಬರೆದಿದ್ದೆಯಲ್ಲ, ಈಗ ಪರವಾಗಿಲ್ಲವೇ? ಅಮ್ಮ ಕೊಟ್ಟು ಕಳಿಸಿದ ಮೆಂತ್ಯದ ಹಿಟ್ಟನ್ನು ಮಜ್ಜಿಗೆಗೆ ಹಾಕಿಕೊಂಡು ಕುಡಿಯಬೇಕಂತೆ, ರೂಮಿನವರಿಗೆಲ್ಲ ಹಂಚಿ ಖಾಲಿ ಮಾಡಬಾರದಂತೆ. ಅಮ್ಮನ ಮಂಡಿ ನೋವು ಹಾಗೇ ಇದೆ. ಅಪ್ಪಾಜಿ ಮೈಯಲ್ಲಿ ಆರೋಗ್ಯವಾಗಿದ್ದಾರೆ. ಕೆಂದಿ ಹಸು ಹೆಣ್ಣುಗರು ಹಾಕಿದೆ, ನಿನ್ನ ಹಾಗೇ ಕಿವಿ ದೊಡ್ಡವು ಎಂದು ಅಮ್ಮ ನಗುತ್ತಾರೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕಾಗದ ಇದು, ತಪ್ಪಿದ್ದರೆ ನಿನ್ನ ಸ್ನೇಹಿತರಿಗೆ ತೋರಿಸಬೇಡ. ಎದುರಿಗೆ ನಿಂತು ಮಾತಾಡಲು ನನಗೆ ಬಾರದು, ನಿನಗೇ ಗೊತ್ತು. ಕಾಗದದ ಮೇಲಾದರೆ ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಹೋದ ವಾರ ಅಪ್ಪಾಜಿ ಬರೆದ ಕಾಗದ ನಿನಗೆ ತಲುಪಿರಬೇಕು. ಮರ ಹತ್ತುವ ಗಂಗಯ್ಯ ಹುಳಿಯಾರಿಗೆ ಮಗಳ ಮನೆಗೆ ಹೋಗಿದ್ದಾನೆ, ಬಂದ ಮೇಲೆ ನೀನು ಪ್ರಾಜೆಕ್ಟಿಗೆಂದು ಕೇಳಿದ, ಅವನು ಮರ ಹತ್ತುವ ಫೋಟೋ ತೆಗೆಸಿ ಕಳಿಸುತ್ತೇನೆ ಎಂದು ಅದರಲ್ಲಿದೆ. ಗಂಗಯ್ಯ ಹುಳಿಯಾರಿಗೆ ಹೋಗಿಲ್ಲ ಅಣ್ಣಯ್ಯ. ತನ್ನ ಗುಡಿಸಲಿನಲ್ಲೇ ಮಲಗಿದ್ದಾನೆ. ಶಿವರಾತ್ರಿ ಕಳೆದ ಮೇಲೆ, ಕೆರೆ ಕಡೆಯ ತೋಟದಲ್ಲಿ ತೆಂಗಿನಕಾಯಿ ಕೀಳುವಾಗ ಮರದಿಂದ ಬಿದ್ದ. ಸೊಂಟದಿಂದ ಕೆಳಕ್ಕೆ ಚಿವುಟಿದರೂ ತಿಳಿಯುವುದಿಲ್ಲ. ನಿನ್ನ ಪರೀಕ್ಷೆ ಮುಗಿಯುವ ತನಕ ಹೇಳಕೂಡದು ಎಂದು ಅಪ್ಪಾಜಿ ಕಟ್ಟಪ್ಪಣೆ ಮಾಡಿದ್ದಾರೆ. ಅಮ್ಮ ಕೊರಳಿನ ಲಿಂಗ ಮುಟ್ಟಿ ಒಪ್ಪಿಕೊಂಡರು. ನನ್ನನ್ನು ಯಾರೂ ಕೇಳಲಿಲ್ಲ. ಮಾತೇ ಆಡದವಳು ಯಾರಿಗೆ ಹೇಳುತ್ತಾಳೆ ಎಂದುಕೊಂಡರೇನೋ.

ನೀನು ದಸರಾ ರಜೆಗೆ ಬಂದದ್ದು ದಿನವೂ ನೆನಪಾಗುತ್ತದೆ. ಎಂ.ಬಿ.ಎ. ಅಂದರೆ ಕಾರ್ಖಾನೆ ನಡೆಸುವ ಓದು ಎಂದು ಅಪ್ಪಾಜಿ ಕೊಬ್ಬರಿ ಮಂಡಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದರು. 'ನಿಮ್ಮ ತೋಟ್ದಾಗೆ ಕಾರ್ಖಾನೆ ಎಲ್ಲೈತೆ ಬುದ್ದಿ, ಇರಾದು ನಾನೊಬ್ಬ' ಎಂದು ಗಂಗಯ್ಯ ನಗಾಡಿದ್ದ. ನೀನು ಗಡಿಯಾರ ಹಿಡಿದು ಮರದ ಬುಡದಲ್ಲಿ ನಿಂತು, ಹತ್ತಲು ಎಷ್ಟು ಹೊತ್ತು, ಗೊನೆ ಕಡಿಯಲು ಎಷ್ಟು, ಇಳಿಯಲು ಎಷ್ಟು ಎಂದು ಪ್ರಾಜೆಕ್ಟಿಗೆ ಬರೆದುಕೊಳ್ಳುತ್ತಿದ್ದೆ. ಅವನಿಗೆ ಅದು ಪಂದ್ಯದ ಹಾಗಾಯಿತು. ಇಳಿದವನು ಕಾಲಿನ ಹಗ್ಗ ಬಿಚ್ಚುವ ಮೊದಲೇ 'ಎಷ್ಟಾಯ್ತು ಚಿಕ್ಕಬುದ್ದಿ?' ಎಂದು ಕೇಳುತ್ತಿದ್ದ. ನೀನು ಕಮ್ಮಿಯಾಯ್ತು ಕಣಯ್ಯಾ ಅಂದರೆ ಸಾಕು, ಹೆಂಡತಿ ಹುಚ್ಚಕ್ಕನ ಕಡೆ ತಿರುಗಿ 'ಕೇಳುಸ್ತೇನೇ? ಮುದ್ಕ ಮುದ್ಕ ಅಂತೀಯಲ್ಲ' ಅನ್ನುತ್ತಿದ್ದ. ಅವಳು ಕಾಯಿ ಆಯುತ್ತಾ, ತಲೆಯೆತ್ತದೆ, 'ಮರ ಇಳ್ಯಾದು ಬಿರ್ನೆ, ಮನೇಗ್ ಬರಾಕೆ ಮಾತ್ರ ಹೊತ್ ಮುಳುಗ್ತೈತೆ' ಅನ್ನುತ್ತಿದ್ದಳು. ನೀನೂ ಎಷ್ಟು ನಗುತ್ತಿದ್ದೆ.

ಆದರೆ ಮರದ ತುದಿಯಲ್ಲಿ ಅವನು ಕೂರುತ್ತಿದ್ದನಲ್ಲ, ಅದು ನಿನಗೆ ಹಿಡಿಸಲಿಲ್ಲ. ಗೊನೆ ಕಡಿದಾದ ಮೇಲೆ ಗರಿಗಳ ನಡುವೆ ಕಾಲು ಇಳಿಬಿಟ್ಟು ಕೂತು, ಎಲೆಯಡಿಕೆ ಹಾಕಿಕೊಂಡು, ಕಂಡದ್ದನ್ನೆಲ್ಲ ಕೂಗಿ ಹೇಳುವುದು ಅವನ ವಾಡಿಕೆ. ಅವನ ಅಪ್ಪನೂ ಹಾಗೇ ಕೂಗುತ್ತಿದ್ದನಂತೆ. ತುರುವೇಕೆರೆ ಬಸ್ಸು ಬಂತು, ಕೆರೆ ಏರಿ ಮೇಲೆ ದಿಬ್ಬಣ ಹೊರಟಿತು, 'ಅಮ್ಮಾವ್ರೇ, ನಿಮ್ಮೆಮ್ಮೆ ಪಕ್ಕದೋರ ಹೊಲ್ದಾಗೈತೆ, ಅವ್ರಿನ್ನೂ ನೋಡಿಲ್ಲ, ಓಡ್ರಿ!' ಮನೆಯಿಂದ ಆಚೆ ಹೋಗದ ನನಗೆ ಊರು ತಿಳಿಯುತ್ತಿದ್ದುದೇ ಆ ಮರಗಳ ಮೇಲಿಂದ. ನೀನು ರಜೆಗೆ ಬಂದಿಳಿದಾಗಲೂ ಮೊದಲು ಹೇಳಿದ್ದು ಅವನೇ: 'ಗಿರಿಜವ್ವಾ, ಅಣ್ಣಯ್ಯ ಬಂದ್ರು ಕಣವ್ವಾ, ಸೊರಗವ್ರೆ, ಎಸರಿಡು!' ನೀನು ಅದಕ್ಕೆಲ್ಲ 'ಸುಮ್ಮನೆ ಕೂತ ಹೊತ್ತು' ಎಂದು ಬೇರೆ ಕಾಲಂ ಮಾಡಿದೆ. ಊಟಕ್ಕೆ ಕೂತಾಗ ಅಪ್ಪಾಜಿಗೆ ಹೇಳಿದೆ, ಹತ್ತಿ ಇಳಿಯುವುದಕ್ಕಿಂತ ಸುಮ್ಮನೆ ಕೂರುವುದೇ ಜಾಸ್ತಿ, ಅದೊಂದು ನಿಂತರೆ ಎರಡು ದಿನದ ಕೊಯ್ಲು ಒಂದೇ ದಿನಕ್ಕೆ ಮುಗಿಯುತ್ತದೆ ಎಂದು. ನಾನು ಮುದ್ದೆ ಬಡಿಸುತ್ತಿದ್ದೆ. ಆಮೇಲೆ ನಿನ್ನ ಪ್ರೊಫೆಸರು ಆ ಮಾತನ್ನು ಮೆಚ್ಚಿದರು ಎಂದು ನೀನು ಬರೆದಾಗ, ಅಪ್ಪಾಜಿ ಆ ಕಾಗದ ಓದಿ ಹೇಳದ ಅಂಗಡಿಯಿಲ್ಲ.

ಸಂಕ್ರಾಂತಿ ಆದ ಮೇಲೆ, ನೀನು ಬಿಟ್ಟು ಹೋದ ಹಳೆಯ ಗಡಿಯಾರ ಕಟ್ಟಿಕೊಂಡು ಅಪ್ಪಾಜಿ ತಾವೇ ಬುಡದಲ್ಲಿ ನಿಲ್ಲತೊಡಗಿದರು. 'ಕುಂತ್ರೆ ಉಸ್ರು ತಿರುಗ್ತೈತೆ ಬುದ್ದಿ' ಎಂದು ಗಂಗಯ್ಯ ಒಂದೆರಡು ಸಲ ಹೇಳಿದ. 'ಇಳಿದು ತಿರುಗುಸ್ಕೊಳ್ಳೋ, ಮೈಸೂರಲ್ಲಿ ಲೆಕ್ಕ ಹಾಕವ್ರೆ' ಎಂದರು ಅಪ್ಪಾಜಿ. ಇಳಿದ ಮೇಲೆ ಮುಂದಿನ ಮರ ಕಾದಿರುತ್ತಿತ್ತು. ಊರಿನ ಸುದ್ದಿ ನಿಂತುಹೋಯಿತು. ಗೊನೆ ಬೀಳುವ ಸದ್ದು ಮಾತ್ರ ಮನೆಯವರೆಗೆ ಕೇಳುತ್ತಿತ್ತು. ಬಿದ್ದ ದಿನ ನಾನು ಮಜ್ಜಿಗೆ ತೆಗೆದುಕೊಂಡು ಹೋಗಿದ್ದೆ. ಅವನು ಅದನ್ನೂ ಕುಡಿಯದೆ ಇನ್ನೊಂದು ಮರಕ್ಕೆ ಹಗ್ಗ ಹಾಕಿದ. ತುದಿಯಲ್ಲಿ ತೊಡೆ ನಡುಗುವುದು ಕೆಳಗಿನಿಂದಲೇ ಕಾಣುತ್ತಿತ್ತು. ಗೊನೆ ಕಡಿದವನು ಕೂರಲೆಂದು ಒಂದು ಕಾಲನ್ನು ಗರಿಯ ಮೇಲೆ ಹಾಕಿದ. ಅಪ್ಪಾಜಿ ಕೆಳಗಿನಿಂದ ಕೆಮ್ಮಿದರು. ಅಷ್ಟೇ, ಬೈಯಲಿಲ್ಲ, ಏನಿಲ್ಲ. ಅವನು ಕಾಲನ್ನು ಹಿಂದಕ್ಕೆ ತೆಗೆದುಕೊಂಡ. ಆಗ ಕೈ ಜಾರಿತು.

ತಿಪಟೂರಿನ ಡಾಕ್ಟರು ತಡ ಮಾಡದೆ ಮೈಸೂರಿನ ದೊಡ್ಡಾಸ್ಪತ್ರೆಗೆ ಸೇರಿಸಿ ಎಂದರು. ಅಪ್ಪಾಜಿ ಗಾಡಿ ತಿರುಗಿಸಿಕೊಂಡು ಊರಿಗೇ ಬಂದರು. ದೊಡ್ಡಾಸ್ಪತ್ರೆ ಅಂದರೆ ಪೊಲೀಸಿನವರು ಬಂದು ಹೇಗೆ ಬಿದ್ದ ಎಂದು ಕೇಳುತ್ತಾರೆ, ನಿನ್ನ ಲೆಕ್ಕದ ವಿಷಯ ಎದ್ದು ನಿನ್ನ ಹೆಸರು ಬರುತ್ತದೆ, ಓದು ಹಾಳಾಗುತ್ತದೆ ಎಂಬ ಭಯ ಅವರಿಗೆ. ಕುಡಿದು ಮರ ಹತ್ತಿದ ಎಂದು ಊರಲ್ಲಿ ಹೇಳಿದ್ದಾರೆ. ಅಪ್ಪಾಜಿಯಂಥವರು ಹೇಳಿದ ಮೇಲೆ ಇಲ್ಲ ಅನ್ನುವವರು ಯಾರು? ಅವನು ಕುಡಿದಿರಲಿಲ್ಲ, ನಾನು ಹತ್ತಿರವೇ ನಿಂತಿದ್ದೆ. ಅಪ್ಪಾಜಿಯನ್ನು ಕೆಟ್ಟವರು ಎಂದು ತಿಳಿಯಬೇಡ. ಅಕ್ಕಿ, ಹಾಲು ತಪ್ಪದೆ ಕಳಿಸುತ್ತಾರೆ. ಗಡಿಯಾರವನ್ನು ರಾಗಿ ತುಂಬುವ ವಾಡೆಯೊಳಗೆ ಹಾಕಿಬಿಟ್ಟಿದ್ದಾರೆ. ಊಟದಲ್ಲಿ ಅರ್ಧ ಮುದ್ದೆ ಬಿಟ್ಟು ಏಳುತ್ತಾರೆ. ಆದರೆ ಗುಡಿಸಲ ಕಡೆ ಮಾತ್ರ ಹೋಗುವುದಿಲ್ಲ.

ಹಾಲು ಕೊಡಲು ಹೋಗುವವಳು ನಾನೇ. ಬೆನ್ನೆಲ್ಲ ಹುಣ್ಣಾಗಿದೆ ಅಣ್ಣಯ್ಯ, ಒಳಗೆ ಕಾಲಿಟ್ಟರೆ ವಾಸನೆ. ನಾಟಿ ವೈದ್ಯರು ಪಟ್ಟು ಹಾಕಿದ್ದಾರೆ, ಜ್ವರ ಬಿಡುತ್ತಿಲ್ಲ. ಯಾರು ಬಾಗಿಲಿಗೆ ಬಂದರೂ ನೀನೇ ಎಂದುಕೊಂಡು 'ಎಷ್ಟಾಯ್ತು ಚಿಕ್ಕಬುದ್ದಿ?' ಎಂದು ಕೇಳುತ್ತಾನೆ. ಮೊದಮೊದಲು ಹಾಲಿಟ್ಟು ಹಾಗೇ ಬಂದುಬಿಡುತ್ತಿದ್ದೆ. ಈಗ 'ಕಮ್ಮಿಯಾಯ್ತು ಗಂಗಯ್ಯ, ನಿನ್ನೆಗಿಂತ ಕಮ್ಮಿ' ಅನ್ನುತ್ತೇನೆ. ಮುಖ ಅರಳುತ್ತದೆ. ಹುಚ್ಚಕ್ಕನಿಗೆ ನಿನ್ನ ಓದು ಡಾಕ್ಟರ ಓದಲ್ಲ ಎಂದು ಎಷ್ಟು ಹೇಳಿದರೂ ನಂಬಿಕೆಯಿಲ್ಲ. 'ಅಷ್ಟು ದೊಡ್ಡ ಓದು ಓದ್ತಾವ್ರೆ, ಇದೊಂದು ಗೊತ್ತಾಗಾಕಿಲ್ವಾ? ಅವ್ರು ಬಂದು ಕಣ್ಣಲ್ಲಿ ನೋಡಿದ್ರೆ ಸಾಕು ಕಣವ್ವಾ' ಅನ್ನುತ್ತಾಳೆ. ನಿನ್ನ ಮೇಲೆ ಅವಳಿಗೆ ಸಿಟ್ಟೇ ಇಲ್ಲ. ಇದ್ದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಅದಕ್ಕೇ ಬರೆಯುತ್ತಿದ್ದೇನೆ. ನೀನು ಬಾ. ಒಂದು ಕಾರು ಮಾಡಿಕೊಂಡು ಬಂದು ಅವನನ್ನು ದೊಡ್ಡಾಸ್ಪತ್ರೆಗೆ ಸೇರಿಸು. ನೀನೇ ಬಂದು ನಿಂತರೆ ಅಪ್ಪಾಜಿ ತಡೆಯುವುದಿಲ್ಲ, ತಡೆಯಲು ಅವರಲ್ಲಿ ಈಗ ಶಕ್ತಿಯೂ ಇಲ್ಲ. ಯಾರು ತಿಳಿಸಿದರು ಎಂದು ಕೇಳಿದರೆ ನನ್ನ ಹೆಸರು ಹೇಳು. ಫೋಟೋದ ವಿಷಯ: ನಿನ್ನ ಕಾಗದ ಬಂದಾಗಲೇ ಅಪ್ಪಾಜಿ ತಿಪಟೂರಿನ ಸ್ಟುಡಿಯೋಗೆ ಹೇಳಿಕಳಿಸಿದ್ದರು. ಮದುವೆಗಳ ಕಾಲ, ಬಿಡುವಾದಾಗ ಬರುತ್ತೇನೆ ಎಂದಿದ್ದರಂತೆ. ಅಷ್ಟರಲ್ಲಿ ಅವನು ಬಿದ್ದ. ಬೇಡ ಎಂದು ತಿಳಿಸಲು ಯಾರಿಗೂ ನೆನಪಾಗಲಿಲ್ಲ.

ಬಿಸಿಲಿನಲ್ಲಿ ತಿರುಗಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮನ ಆಶೀರ್ವಾದ ಇದ್ದೇ ಇದೆ, ಈ ಕಾಗದ ಅವರಿಗೆ ತಿಳಿಯದಿದ್ದರೂ. ನಾಳೆ ಬಸ್‌ಸ್ಟಾಂಡಿನ ಡಬ್ಬಕ್ಕೆ ನಾನೇ ಹೋಗಿ ಹಾಕುತ್ತೇನೆ.

ನಿನ್ನ ಪ್ರೀತಿಯ ತಂಗಿ,
ಗಿರಿಜಾಂಬಿಕಾ

ವಿ.ಸೂ.: ಮಡಿಸಿಟ್ಟ ಕಾಗದ ಬಿಚ್ಚಿ ಮತ್ತೆ ಬರೆಯುತ್ತಿದ್ದೇನೆ. ಕಾರು ಬೇಡ ಅಣ್ಣಯ್ಯ. ಬೆಳಿಗ್ಗೆ ನಾನು ಹಾಲು ತೆಗೆದುಕೊಂಡು ಹೋದಾಗ ಗಂಗಯ್ಯ ಏನೂ ಕೇಳಲಿಲ್ಲ. ಜೀವ ಹೋಗಿಬಿಟ್ಟಿತ್ತು. ಸ್ಟುಡಿಯೋದವನು ಬಿಡುವಾಯಿತೆಂದು ಇವತ್ತೇ ಬಂದ. ಮರ ಹತ್ತುವವರು ಯಾರು ಎಂದು ಜಗಲಿಯಲ್ಲಿ ಕೇಳಿದ. ಅಪ್ಪಾಜಿ ಒಳಗೆ ಎದ್ದು ಹೋದರು. ನಾನೇ ಕರೆದುಕೊಂಡು ಹೋಗಿ ತೋರಿಸಿದೆ. 'ಇವುಂದು ಒಂದು ಫೋಟಾನೂ ಇಲ್ಲ, ತೆಗಿಯಪ್ಪಾ' ಎಂದಳು ಹುಚ್ಚಕ್ಕ. ಒಗೆದ ಪಂಚೆ ಉಡಿಸಿ, ತಲೆ ಬಾಚಿ, ಬೀಳದ ಹಾಗೆ ಎದೆಗೆ ಹಗ್ಗ ಹಾಕಿ ಗೋಡೆಗೆ ಒರಗಿಸಿದರು. ಫೋಟೋ ತೊಳೆದು ಬಂದ ಕೂಡಲೇ ಒಂದು ಪ್ರತಿ ಕಳಿಸುತ್ತೇನೆ, ನಿನ್ನ ಪ್ರಾಜೆಕ್ಟಿಗೆ ಅಂಟಿಸು. ನೀನು ಕೇಳಿದ ಹಾಗೆ ಮರ ಹತ್ತುತ್ತಿಲ್ಲ. ಸುಮ್ಮನೆ ಕೂತಿದ್ದಾನೆ.